ಹುಲ್ಲುಹಾಸಿಗೆ ‘ಮರುಬಿತ್ತನೆ’ ಅನ್ನಬಹುದಾ? ಶುಕ್ರವಾರದೊಳಗೆ ಪದ ಬೇಕು

ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕ, ಭಾವ ಶುಕ್ರವಾರ ಅಮೆರಿಕಕ್ಕೆ ಹೊರಡುತ್ತಿದ್ದಾರೆ. ಒಹಾಯೋದಲ್ಲಿ ಮಗನ ಮನೆ. ಆರು ತಿಂಗಳು ಅಲ್ಲೇ ಇರುತ್ತಾರೆ. ಮನೆ ಮುಂದಿನ ಲಾನ್ ಈ ಸಲ ಭಾವನ ಜವಾಬ್ದಾರಿ. ಮಗ ಇಂಗ್ಲಿಷ್‌ನಲ್ಲಿ ಒಂದು ಪುಟ ಸೂಚನೆ ಕಳಿಸಿದ್ದಾನೆ. ಅದನ್ನು ಕನ್ನಡಕ್ಕೆ ತಂದು, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟು ಕಳಿಸಬೇಕು. ಗ್ಯಾರೇಜಿನ ಗೋಡೆಗೆ ಅಂಟಿಸಿಕೊಳ್ಳುತ್ತಾರಂತೆ. ಭಾವ ಜಗಳೂರು ಕಡೆಯವರು. ಮೂವತ್ತು ವರ್ಷ ಮೆಕ್ಕೆಜೋಳ ಬೆಳೆದವರು. ಅವರಿಗೆ ಓದಿದ ತಕ್ಷಣ ಅರ್ಥವಾಗಬೇಕು.

ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಒಂದು, ಓವರ್‌ಸೀಡಿಂಗ್. ಇರುವ ಹುಲ್ಲನ್ನು ಕೀಳುವುದಿಲ್ಲ. ಅದು ನಿಂತಿರುವಾಗಲೇ ಮೇಲಿಂದ ಹೊಸ ಬೀಜ ಹಾಕುತ್ತಾರೆ. ತೆಳ್ಳಗಾದ ಹುಲ್ಲು ಒತ್ತಾಗಲಿ ಅಂತ. ನಾನು ‘ಮರುಬಿತ್ತನೆ’ ಅಂತ ಬರೆದಿದ್ದೇನೆ. ಸರಿಯಾ?

ಇನ್ನೊಂದು, ಪ್ರೀ-ಎಮರ್ಜೆಂಟ್ ಔಷಧಿ. ಕಳೆಯ ಬೀಜ ಮೊಳೆಯುವ ಮೊದಲೇ ಹಾಕುವುದು. ಕೃಷಿ ಪುಸ್ತಿಕೆಗಳಲ್ಲಿ ‘ಮೊಳಕೆಪೂರ್ವ ಕಳೆನಾಶಕ’ ಅಂತ ನೋಡಿದ್ದೇನೆ. ಅದನ್ನೇ ಹಾಕಲಾ?

ಇದು ಬಿತ್ತನೆಗೆ ಮುಂಚೆ ಕಳೆ ತೆಗೆಯುವ ಭಾಗ. ಇಲ್ಲಿ ತಪ್ಪಾದರೆ ಬೀಜದ ದುಡ್ಡು ಮಣ್ಣಿಗೆ ಹೋಗುತ್ತದೆ ಅಂತ ಮಗ ಎರಡು ಸಲ ಹೇಳಿದ್ದಾನೆ.

———

ಚಿತ್ರದುರ್ಗದಿಂದ

> ಕಳೆ ತೆಗೆಯುವ

ಮೊದಲು ಇದನ್ನು ಸರಿ ಮಾಡಿ. ‘ಕಳೆ’ ಅನ್ನುವುದು ಹೆಸರೂ ಹೌದು, ಕ್ರಿಯೆಯೂ ಹೌದು. ಕಳೆ ಅಂದರೇ ತೆಗೆದುಹಾಕು. ತಮಿಳಿನ ಕಳೈ ಕೂಡ ಹೀಗೇ, ಎರಡೂ ಅರ್ಥಕ್ಕೆ ಬರುತ್ತದೆ. ‘ಕಳೆ ತೆಗೆ’ ಅನ್ನುವುದು ತೆಗೆಯುವುದನ್ನು ತೆಗೆ ಅಂದ ಹಾಗೆ. ಹೊತ್ತು ಕಳೆಯುವ ಕಳೆ ಬೇರೆ, ಅದು ಹಳಗನ್ನಡದ ಕೞಿ. ಮುಖದ ಕಳೆ ಇನ್ನೂ ಬೇರೆ, ಅದು ಸಂಸ್ಕೃತದ ಕಲಾ. ಮೂರನ್ನೂ ಒಂದೇ ಗೂಟಕ್ಕೆ ಕಟ್ಟುವವರು ಈ ಗುಂಪಿನಲ್ಲೂ ಇದ್ದಾರೆ, ಅದಕ್ಕೇ ಹೇಳಿದೆ.

‘ಮೊಳಕೆಪೂರ್ವ’, ‘ಕಳೆನಾಶಕ’ ಎರಡೂ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಅಂಟಿಸಿದ್ದು. ಬೇಡ. ‘ಕಳೆಗೊಲ್ಲಿ’ ಅನ್ನಿ.

———

ಹೊಳಲ್ಕೆರೆಯಿಂದ

‘ಲಾನ್’ ಅಂತ ಕಂಡ ಕೂಡಲೇ ಓದುವುದು ನಿಲ್ಲಿಸಿದೆ. ‘ಹುಲ್ಲುಹಾಸು’ ಇದೆ. ಚೆನ್ನಾಗಿದೆ. ಚಿಕ್ಕ ಮಕ್ಕಳಿಗೂ ಗೊತ್ತು. ಇರುವುದನ್ನು ಬಿಟ್ಟು ಹೊರಗಿನದಕ್ಕೆ ಕೈ ಚಾಚುವ ಅಭ್ಯಾಸ ಯಾವಾಗ ಹೋಗುತ್ತದೆ?

ಕಳೆಗೊಲ್ಲಿ ಒಪ್ಪುವುದಿಲ್ಲ. ಕೊಲ್ಲಿ ಅಂದರೆ ಜನಕ್ಕೆ ಬಂಗಾಳ ಕೊಲ್ಲಿ.

———

ದಾವಣಗೆರೆಯಿಂದ, ಇನ್ನೊಬ್ಬರು

ಮೇಡಂ, ಶುಕ್ರವಾರ ಹತ್ತಿರ ಬಂತು. ನಿಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಬಹಳ ವರ್ಷ ಬೀಜ, ಗೊಬ್ಬರದ ಅಂಗಡಿ ನಡೆಸಿದವನು. ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

‘ಮರುಬಿತ್ತನೆ’ ದಯವಿಟ್ಟು ಬೇಡ. ಜಗಳೂರಿನ ರೈತನಿಗೆ ಆ ಪದ ಬರೀ ಪದ ಅಲ್ಲ. ಮುಂಗಾರು ಕೈಕೊಟ್ಟು, ಹಾಕಿದ ಬೀಜ ಒಣಗಿ, ಹರಗಿ, ಸಾಲ ಮಾಡಿ ಎರಡನೇ ಸಲ ಬೀಜ ತಂದು ಬಿತ್ತುವುದು ಮರುಬಿತ್ತನೆ. ಅಂಗಡಿಗೆ ಆ ಎರಡನೇ ಸಲ ಬರುವವರ ಮುಖ ನಾನು ನೋಡಿದ್ದೇನೆ. ನಿಮ್ಮ ಭಾವ ಈ ಪದ ಓದಿದರೆ ಇರುವ ಹುಲ್ಲನ್ನೆಲ್ಲಾ ಕೆತ್ತಿ ಹಾಕಿಬಿಡುತ್ತಾರೆ. ಇಲ್ಲಿ ನಡೆಯುವುದು ಅದರ ತದ್ವಿರುದ್ಧ. ಹಳೆಯದು ನಿಂತಿರಬೇಕು.

‘ಎಡೆಬಿತ್ತನೆ’ ಅಂತ ಯಾರಾದರೂ ಹೇಳಬಹುದು. ಅದೂ ಆಗದು. ನಮ್ಮಲ್ಲಿ ಎಡೆ ಅಂದರೆ ಸಾಲಿನ ನಡುವಿನ ಜಾಗ, ಎಡೆಕುಂಟೆ ಹೊಡೆಯುವ ಜಾಗ. ಹುಲ್ಲುಹಾಸಿನಲ್ಲಿ ಸಾಲೇ ಇಲ್ಲ.

ರೈತರ ಬಾಯಲ್ಲೇ ಒಂದು ದಾರಿ ಇದೆ. ಪೈರು ನಿಂತಿರುವಾಗ ಕೊಡುವ ಗೊಬ್ಬರಕ್ಕೆ ಏನಂತೀವಿ? ಮೇಲುಗೊಬ್ಬರ. ಹಾಗೆಯೇ ಹುಲ್ಲು ನಿಂತಿರುವಾಗ ಹಾಕುವ ಬೀಜಕ್ಕೆ ‘ಮೇಲುಬಿತ್ತನೆ’. ಇಂಗ್ಲಿಷಿನ ಓವರ್ ನೋಡಿ ಹುಟ್ಟಿಸಿದ್ದಲ್ಲ. ಯೂರಿಯಾ ಚೆಲ್ಲಿದ ಕೈಗೆ ಇದು ತಾನಾಗಿ ಅರ್ಥವಾಗುತ್ತದೆ.

ಈಗ ನಿಜವಾದ ಅಪಾಯದ ಮಾತು. ‘ಮೊಳಕೆಪೂರ್ವ’ ಅಂದರೆ ಯಾರ ಮೊಳಕೆ? ಪದ ಅದನ್ನು ಹೇಳುವುದಿಲ್ಲ. ಮೆಕ್ಕೆಜೋಳಕ್ಕೆ ಬಿತ್ತಿದ ಒಂದೆರಡು ದಿನದಲ್ಲಿ ಅಟ್ರಾಜಿನ್ ಹೊಡೆಯುತ್ತೇವೆ. ಜೋಳ ಅದನ್ನು ಒಳಗೇ ಅರಗಿಸಿಕೊಳ್ಳುತ್ತದೆ, ಕಳೆ ಸಾಯುತ್ತದೆ. ನಿಮ್ಮ ಭಾವನ ಕೈಗೆ ಈ ಕ್ರಮ ಮೂವತ್ತು ವರ್ಷದಿಂದ ಅಭ್ಯಾಸ. ಅವರು ‘ಮೊಳಕೆಪೂರ್ವ’ ಅಂತ ಓದಿದರೆ ಬಿತ್ತಿದ ಮಾರನೇ ದಿನವೇ ಪಂಪ್ ಹೆಗಲಿಗೇರಿಸುತ್ತಾರೆ. ಆದರೆ ಹುಲ್ಲುಹಾಸಿನಲ್ಲಿ ಬೀಜವೂ ಹುಲ್ಲು, ಕಳೆಯಲ್ಲೂ ಅರ್ಧ ಹುಲ್ಲು. ಅಲ್ಲಿ ಈ ಕೆಲಸಕ್ಕೆ ಬಳಸುವ ಔಷಧಿಗಳಲ್ಲಿ ಪೆಂಡಿಮೆಥಾಲಿನ್ ಒಂದು. ಚಳ್ಳಕೆರೆ ಕಡೆ ಈರುಳ್ಳಿಗೆ ಹೊಡೆಯುತ್ತಾರಲ್ಲ, ಅದೇ. ಅದು ಮಣ್ಣಿನ ಮೇಲ್ಪದರದಲ್ಲಿ ತಿಂಗಳುಗಟ್ಟಲೆ ನಿಂತು, ಹೊಸ ಬೀಜವನ್ನೂ ಏಳಲು ಬಿಡುವುದಿಲ್ಲ. ಬಿತ್ತನೆಗೆ ಮುಂಚೆ ಬೇಡ, ಬಿತ್ತಿದ ಮೇಲೂ ಬೇಡ.

ಆದ್ದರಿಂದ ಯಾವಾಗ ಹಾಕುವುದು ಅನ್ನುವುದನ್ನು ಹೆಸರು ಮಾಡಬೇಡಿ. ಏನು ಮಾಡುತ್ತದೆ ಅನ್ನುವುದನ್ನು ಹೆಸರು ಮಾಡಿ. ‘ಮೊಳಕೆ ತಡೆಯುವ ಎಣ್ಣೆ’. ಅದರ ಎದುರು ‘ಎದ್ದ ಕಳೆಗೆ ಹೊಡೆಯುವ ಎಣ್ಣೆ’. 2,4-ಡಿ ತರಹದ್ದು ಈ ಎರಡನೆಯದು. ಅದನ್ನು ಅಗಲ ಎಲೆಯ ಕಳೆಗೆ ಹೊಡೆಯಬಹುದು, ಆದರೆ ಬಿತ್ತನೆಗೆ ಮೂರು ನಾಲ್ಕು ವಾರ ಮುಂಚೆ ಮುಗಿಸಬೇಕು.

———

ಚಿತ್ರದುರ್ಗದಿಂದ

ಔಷಧಿಗೆ ‘ಎಣ್ಣೆ’ ಅನ್ನುವುದು ಬಳಕೆ ಇರಬಹುದು. ಅರ್ಥ ತಪ್ಪು. ಎಳ್ + ನೆಯ್ = ಎಣ್ಣೆ. ಎಳ್ಳಿನ ಜಿಡ್ಡು. ಕಳೆಗೆ ಹೊಡೆಯುವುದರಲ್ಲಿ ಎಳ್ಳೆಲ್ಲಿದೆ?

———

ದಾವಣಗೆರೆಯಿಂದ, ಇನ್ನೊಬ್ಬರು

ಸೀಮೆಎಣ್ಣೆಯಲ್ಲಿ ಎಳ್ಳು ಎಲ್ಲಿತ್ತು ಸರ್? ಪದ ಎಳ್ಳು ಬಿಟ್ಟು ಹೊರಟು ಎಷ್ಟೋ ಕಾಲವಾಯಿತು. ಜಗಳೂರಿನಲ್ಲಿ ಬೆಳೆಗೆ ‘ಎಣ್ಣೆ ಹೊಡೆಯುತ್ತಾರೆ’. ಅಷ್ಟೇ.

———

ಹೊಳಲ್ಕೆರೆಯಿಂದ

ಹೀಗೆ ಎಲ್ಲವನ್ನೂ ಬಿಟ್ಟುಕೊಟ್ಟರೆ ಕೊನೆಗೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ. ಹೊರಗಿನ ಪದ ಬಂದಾಗ ನಮ್ಮದನ್ನು ಹುಡುಕಬೇಕು. ಮುಸುಕಿನ ಜೋಳ ನೋಡಿ. ತೆನೆಗೆ ಮುಸುಕು ಇದೆ ಅಂತ ಕಣ್ಣಾರೆ ನೋಡಿ ಇಟ್ಟ ಹೆಸರು. ದಾವಣಗೆರೆಯವರು ಅದನ್ನು ಬಿಟ್ಟು ‘ಮೆಕ್ಕೆ’ ಹಿಡಿದರು, ಅದು ಹಿಂದಿಯ ಮಕ್ಕಾ.

———

ದಾವಣಗೆರೆಯಿಂದ, ಇನ್ನೊಬ್ಬರು

ಹಾವೇರಿ ಕಡೆ ಗೋವಿನಜೋಳ, ಮೈಸೂರು ಕಡೆ ಮುಸುಕಿನ ಜೋಳ, ನಮ್ಮಲ್ಲಿ ಮೆಕ್ಕೆಜೋಳ. ಮೂರೂ ಕನ್ನಡ. ಆ ಗಿಡವೇ ಅಮೆರಿಕದಿಂದ ಬಂದದ್ದು. ನಮ್ಮ ಹೊಲದಲ್ಲಿ ಬೆಳೆದು, ನಮ್ಮ ಮಾರುಕಟ್ಟೆಯಲ್ಲಿ ತೂಕಕ್ಕೆ ಬಿದ್ದ ಮೇಲೆ ಅದರ ಹೆಸರು ಹೊರಗಿನದು ಹೇಗಾಗುತ್ತದೆ? ಕಾಂಗ್ರೆಸ್ ಹುಲ್ಲು ಹುಲ್ಲೂ ಅಲ್ಲ, ಹೆಸರೂ ಕನ್ನಡದ್ದಲ್ಲ. ಆದರೂ ಆ ಹೆಸರು ಹೇಳಿದರೆ ಕೀಳಬೇಕಾದ ಗಿಡ ಯಾವುದು ಅಂತ ಎಲ್ಲರಿಗೂ ಗೊತ್ತು. ನನಗೆ ಪದದಿಂದ ಬೇಕಾದದ್ದು ಅದು.

ಹುಲ್ಲುಹಾಸು ಒಳ್ಳೆಯ ಪದ. ಅದನ್ನು ನಾನೂ ಬಳಸಿದ್ದೇನೆ, ಮೇಲೆ ನೋಡಿ.

———

ದಾವಣಗೆರೆಯಿಂದ

ಎಲ್ಲರಿಗೂ ವಂದನೆ. ಮರುಬಿತ್ತನೆಯ ಮಾತು ಓದಿ ಮನಸ್ಸಿಗೆ ಚುಚ್ಚಿತು. ನಮ್ಮ ಮನೆಯಲ್ಲೇ ಆ ವರ್ಷಗಳನ್ನು ನೋಡಿದವಳು ನಾನು. ಹಾಗಿದ್ದೂ ಹೊಳೆಯಲಿಲ್ಲ.

ಕಾಲಕ್ಕೆ ಶರತ್ಕಾಲ ಅಂತ ಬರೆದಿದ್ದೆ, ತೆಗೆದೆ. ಹಿಂಗಾರು ಅಂತಲೂ ಹಾಕಲಿಲ್ಲ, ಒಹಾಯೋದಲ್ಲಿ ಹಿಂಗಾರು ಇಲ್ಲ. ತಾರೀಕಿನ ಪಕ್ಕ ಮಳೆ ನಕ್ಷತ್ರ ಬರೆದೆ. ಭಾವ ದಿನ ಎಣಿಸುವುದು ಅದರಲ್ಲೇ. ‘ಕಳೆ ತೆಗೆಯುವುದು’ ಹಾಗೇ ಇಟ್ಟಿದ್ದೇನೆ, ನಮ್ಮಲ್ಲಿ ಮಾತಾಡುವುದೇ ಹಾಗೆ. ಪ್ರಿಂಟಿಗೆ ಕೊಟ್ಟದ್ದು ಇದು:

“ಹುಲ್ಲುಹಾಸಿನ ಮೇಲುಬಿತ್ತನೆ. ಹಳೆ ಹುಲ್ಲು ಕೀಳಬಾರದು.

ಎದ್ದ ಕಳೆಗೆ ಹೊಡೆಯುವ ಎಣ್ಣೆ: ಆಗಸ್ಟ್ ಮೊದಲ ವಾರ ಒಂದೇ ಸಲ. ಆಮೇಲೆ ನಾಲ್ಕು ವಾರ ಸುಮ್ಮನಿರಬೇಕು. ಬಾಟಲಿ ಮೇಲೆ ಇನ್ನೂ ಜಾಸ್ತಿ ದಿನ ಬರೆದಿದ್ದರೆ ಅಷ್ಟು ದಿನ.

ಕ್ರ್ಯಾಬ್‌ಗ್ರಾಸ್ ಅನ್ನುವ ಹುಲ್ಲುಕಳೆಗೆ ಎಣ್ಣೆ ಬೇಡ. ಬೀಜ ಉದುರುವ ಮೊದಲು ಕೈಯಲ್ಲಿ ಕೀಳಿ. ಉಳಿದದ್ದು ಹಿಮ ಬಿದ್ದಾಗ ತಾನೇ ಸಾಯುತ್ತದೆ. ಡ್ಯಾಂಡೆಲಿಯನ್ ಅನ್ನುವ ಅಗಲ ಎಲೆಯ ಕಳೆ ಬೇರು ಸಮೇತ ಬರಬೇಕು, ತುಂಡು ಉಳಿದರೆ ಮತ್ತೆ ಚಿಗುರುತ್ತದೆ.

ಮೊಳಕೆ ತಡೆಯುವ ಎಣ್ಣೆ ಮುಟ್ಟಬೇಡಿ. ಇದು ಮೆಕ್ಕೆಜೋಳ ಅಲ್ಲ. ಹೊಸ ಹುಲ್ಲೂ ಏಳುವುದಿಲ್ಲ.

ಬಿತ್ತನೆ: ಸೆಪ್ಟೆಂಬರ್ ಮೊದಲ ಎರಡು ವಾರ, ಹುಬ್ಬೆ ಮಳೆ. ಹುಲ್ಲು ಗಿಡ್ಡ ಕತ್ತರಿಸಿ, ಒಣಗಿದ್ದನ್ನು ಕೆರೆದು ತೆಗೆದು, ಬೀಜ ಮಣ್ಣಿಗೆ ತಾಗುವ ಹಾಗೆ ಚೆಲ್ಲಬೇಕು. ದಿನಾ ತೆಳ್ಳಗೆ ನೀರು. ರೈ ಹುಲ್ಲು ವಾರದಲ್ಲಿ ಏಳುತ್ತದೆ, ಬ್ಲೂಗ್ರಾಸ್‌ಗೆ ಎರಡರಿಂದ ನಾಲ್ಕು ವಾರ ಬೇಕು. ಹೊಸ ಹುಲ್ಲನ್ನು ಮೂರು ನಾಲ್ಕು ಸಲ ಕತ್ತರಿಸುವ ತನಕ ಮತ್ತೆ ಯಾವ ಎಣ್ಣೆಯೂ ಬೇಡ.”

ನಿನ್ನೆ ರಾತ್ರಿ ಫೋನಿನಲ್ಲಿ ಭಾವನಿಗೆ ಇಷ್ಟನ್ನೂ ಓದಿ ಹೇಳಿದೆ. ಮೇಲುಬಿತ್ತನೆ ಅಂದರೆ ಏನು ಅಂತ ಅವರು ಕೇಳಲೇ ಇಲ್ಲ. ಕೇಳಿದ್ದು ಒಂದೇ. “ಹಂಗಾರೆ ಬಿತ್ತಿದ್ ಮಾರನೇ ದಿನ ಎಣ್ಣೆ ಹೊಡೆಯಂಗಿಲ್ಲೇನವ್ವ?”

ಹೊಡೆಯಂಗಿಲ್ಲ ಭಾವ, ಅಂದೆ.