ಸೆಲೆನಿಯಂ ಜಾಸ್ತಿ ತಿಂದಷ್ಟೂ ಆ್ಯಂಟಿಆಕ್ಸಿಡೆಂಟ್ ಕಿಣ್ವಗಳೂ ಜಾಸ್ತಿಯಾಗುತ್ತವಾ?

ಕುತೂಹಲಿ: ಮಾತ್ರೆ ಡಬ್ಬಿಯ ಮೇಲೆ ಸೆಲೆನಿಯಂ 200 ಮೈಕ್ರೋಗ್ರಾಂ ಅಂತ ಇದೆ, ಕೆಳಗೆ ಆ್ಯಂಟಿಆಕ್ಸಿಡೆಂಟ್ ಶಕ್ತಿ ಹೆಚ್ಚಿಸುತ್ತದೆ ಅಂತಲೂ ಇದೆ. ದೊಡ್ಡವರಿಗೆ ದಿನಕ್ಕೆ 55 ಸಾಕು ಅಂತ ಓದಿದ್ದೆ. ಅಷ್ಟೊಂದು ತಿಂದರೆ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಎಂಬ ಆ್ಯಂಟಿಆಕ್ಸಿಡೆಂಟ್ ಕಿಣ್ವ ನಿಜವಾಗಲೂ ಏರುತ್ತದಾ? ಇಂಥವೇ ಬೇರೆ ಕಿಣ್ವಗಳಾದ ಕ್ಯಾಟಲೇಸ್, ಎಸ್‌ಒಡಿ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್) ಕಥೆ ಏನು?

ಜೀವರಸ: ಕೊರತೆ ಇದ್ದವರಿಗೆ ಏರುತ್ತದೆ. ಸಾಕಷ್ಟು ಇದ್ದವರಿಗೆ ಇಲ್ಲ. ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಕೆಲಸ ಮಾಡುವ ಜಾಗದಲ್ಲೇ ಸೆಲೆನಿಯಂ ಕೂತಿರುತ್ತದೆ, ಸೆಲೆನೋಸಿಸ್ಟೀನ್ ಎಂಬ ಅಮೈನೋ ಆಮ್ಲದ ರೂಪದಲ್ಲಿ. ಈ ಕಿಣ್ವದಲ್ಲಿ ಸೆಲೆನಿಯಂ ಇದೆ ಅಂತ ಗೊತ್ತಾಗಿದ್ದು 1973ರಲ್ಲಿ. ಇದನ್ನು ಸೇರಿಸುವ ರೀತಿ ಮಜವಾಗಿದೆ ನೋಡಿ: ಜೀವಕೋಶ ಪ್ರೋಟೀನ್ ಕಟ್ಟುತ್ತಾ ಹೋಗುವಾಗ ಯುಜಿಎ ಎಂಬ ಸಂಕೇತ ಬಂದರೆ ಸಾಮಾನ್ಯವಾಗಿ "ಇಲ್ಲಿಗೆ ನಿಲ್ಲಿಸು" ಅಂತ ಅರ್ಥ, ಆದರೆ ಇಂಥ ಪ್ರೋಟೀನ್‌ಗಳಲ್ಲಿ ಅದೇ ಜಾಗಕ್ಕೆ ಸೆಲೆನೋಸಿಸ್ಟೀನ್ ಬಂದು ಕೂರುತ್ತದೆ. ಸೆಲೆನಿಯಂ ಸಾಲದೆ ಹೋದರೆ ಪ್ರೋಟೀನ್ ಅರ್ಧಕ್ಕೇ ನಿಂತುಬಿಡುತ್ತದೆ. ಸಾಕಷ್ಟು ಸಿಕ್ಕರೆ ಪೂರ್ತಿಯಾಗುತ್ತದೆ, ಅಷ್ಟೇ. ಅದಕ್ಕಿಂತ ಹೆಚ್ಚು ಸುರಿದರೆ ಹೆಚ್ಚು ಕಿಣ್ವ ಹುಟ್ಟುವುದಿಲ್ಲ. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ, ಸೆಲೆನಿಯಂ ಲೀಟರಿಗೆ ಸುಮಾರು 90–100 ಮೈಕ್ರೋಗ್ರಾಂ ಮುಟ್ಟಿದ ಮೇಲೆ ಅಲ್ಲಿನ ಕಿಣ್ವದ ಮಟ್ಟ ಏರುವುದು ನಿಲ್ಲುತ್ತದೆ.

ಕ್ಯಾಟಲೇಸ್‌ಗೆ ಬೇಕಾಗಿರುವುದು ಕಬ್ಬಿಣ. ಎಸ್‌ಒಡಿಗೆ ತಾಮ್ರ, ಸತು, ಮ್ಯಾಂಗನೀಸ್. ಎರಡರಲ್ಲೂ ಸೆಲೆನಿಯಂ ಇಲ್ಲ.

ಕುತೂಹಲಿ: ಆದರೆ ಮಾತ್ರೆ ತಿಂದವರ ರಕ್ತದಲ್ಲಿ ಸೆಲೆನಿಯಂ ಏರುತ್ತಲೇ ಹೋಗುತ್ತದಲ್ಲ, ಅದೆಲ್ಲಾ ಎಲ್ಲಿ ಹೋಗುತ್ತದೆ?

ಜೀವರಸ: ಒಳ್ಳೆ ಪ್ರಶ್ನೆ. ಮಾತ್ರೆಗಳಲ್ಲಿ ಹೆಚ್ಚಾಗಿ ಸೆಲೆನೋಮೆಥಿಯೋನಿನ್ ಇರುತ್ತದೆ, ಅಂದರೆ ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ಸೆಲೆನಿಯಂ ಇರುವ ರೂಪ. ದೇಹಕ್ಕೆ ಅದಕ್ಕೂ ಮಾಮೂಲಿ ಮೆಥಿಯೋನಿನ್‌ಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಗಾಗಿ ರಕ್ತದ ಆಲ್ಬುಮಿನ್ ಪ್ರೋಟೀನ್, ಸ್ನಾಯು, ಹೀಗೆ ಸಿಕ್ಕಸಿಕ್ಕ ಪ್ರೋಟೀನಿಗೆ ಸೇರಿಸಿಬಿಡುತ್ತದೆ. ಅಲ್ಲಿ ಅದು ಸುಮ್ನೆ ಕೂತಿರುತ್ತದೆ, ಕಿಣ್ವದ ಕೆಲಸ ಮಾಡುವುದಿಲ್ಲ. ರಿಪೋರ್ಟಿನಲ್ಲಿ ಸಂಖ್ಯೆ ಏರಿತು ಅಂದ ಮಾತ್ರಕ್ಕೆ ಕಿಣ್ವ ಏರಿತು ಅಂತ ಅಲ್ಲ.

ಒಗರು_ಮಾತು: ಡಬ್ಬಿ ಮೇಲಿನ ಬರಹ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಯಾರಿಗೆ ಹೆಚ್ಚಿಸುತ್ತದೆ ಅಂತ ಹೇಳಬೇಕಿತ್ತು, ಅಲ್ವಾ? ಇದೇ 200 ಮೈಕ್ರೋಗ್ರಾಂ ಅನ್ನು ಸೆಲೆಕ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ ಕೊಟ್ಟು ನೋಡಿದರು. ಸೇರಿದ್ದವರು 35 ಸಾವಿರಕ್ಕೂ ಹೆಚ್ಚು ಗಂಡಸರು, ಕೆಲವರಿಗೆ ಸೆಲೆನಿಯಂ, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಖಾಲಿ ಮಾತ್ರೆ. ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆಯಾಗಲಿಲ್ಲ, 2008ರಲ್ಲಿ ಮಾತ್ರೆ ಕೊಡುವುದನ್ನೇ ನಿಲ್ಲಿಸಿದರು. ಮಿತಿಯೂ ಇದೆ: ಅಮೆರಿಕದವರು ದಿನಕ್ಕೆ 400 ಅಂತಾರೆ, ಯುರೋಪಿನವರು 2023ರಲ್ಲಿ 255ಕ್ಕೆ ಇಳಿಸಿದರು. ಊಟದಲ್ಲಿ ಬರುವುದೂ ಇದರಲ್ಲೇ ಸೇರಿತು. ತುಂಬಾ ದಿನ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರು ಬೆಳ್ಳುಳ್ಳಿ ವಾಸನೆ ಹೊಡೆಯುತ್ತದೆ.

ಜೀವರಸ: ಹೌದು. ಇನ್ನೊಂದು, ಕೊರತೆ ಇದ್ದು ಮಾತ್ರೆ ಶುರು ಮಾಡಿದವರು ಕೆಂಪು ರಕ್ತಕಣದ ಕಿಣ್ವ ಪರೀಕ್ಷೆಯನ್ನು ಎರಡೇ ವಾರಕ್ಕೆ ಮಾಡಿಸಿ ಬೇಜಾರಾಗಬೇಡಿ. ಆ ಕಣ ಸುಮಾರು 120 ದಿನ ಬದುಕುತ್ತದೆ, ಕಿಣ್ವ ಅದರೊಳಗೆ ಸೇರುವುದು ಕಣ ತಯಾರಾಗುವಾಗ. ಹಳೆಯವು ಹೋಗಿ ಹೊಸವು ಬರಬೇಕು. ಪ್ಲಾಸ್ಮಾದ್ದು ಅದಕ್ಕಿಂತ ಬೇಗ ಬದಲಾಗುತ್ತದೆ.