ತಾಟೆಯ ವಂಶಾವಳಿ

ನಮ್ಮ ‘ಮಲ್ಪೆ ಮನೆ’ ಗುಂಪಿನಲ್ಲಿ ಭಾನುವಾರ ನಡೆದದ್ದು. ಹೆಸರುಗಳು ನನ್ನ ಮೊಬೈಲ್‌ನಲ್ಲಿ ಇರುವಂತೆಯೇ.

ಸುರತ್ಕಲ್ ಭಾವ (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ): ವಿಜ್ಞಾನಿಗಳ ಮಹಾಮೋಸ ಬಯಲು!! ದೈತ್ಯ ಶಾರ್ಕ್ ಮೆಗಲೊಡಾನ್ ಬಿಳಿ ಶಾರ್ಕಿನ ಪೂರ್ವಜನೇ ಅಲ್ಲ! ಸಮುದ್ರದಾಳದಲ್ಲಿ ಅದು ಇನ್ನೂ ಬದುಕಿದೆ! ಹತ್ತು ಮಂದಿಗೆ ಕಳುಹಿಸಿ.

ದೊಡ್ಡಪ್ಪ: ನಾನು ಮೊದಲೇ ಹೇಳಿದ್ದೆ. ಬರೀ ಹಲ್ಲು ನೋಡಿ ವಂಶ ಹೇಳಲಾಗದು. ನಮ್ಮ ಕಾಲದಲ್ಲಿ ಬಳಿ, ಅಂದರೆ ಕುಲದ ಹೆಸರು, ಕೇಳಿಯೇ ಸಂಬಂಧ ಬೆಳೆಸುತ್ತಿದ್ದರು. ಈಗಿನವರಿಗೆ ತಮ್ಮ ಬಳಿಯೇ ಗೊತ್ತಿಲ್ಲ.

ಚಿಕ್ಕಮ್ಮ: ಭಾವ, ಇದು ಮೀನಿನ ಮಾತೋ, ನನ್ನ ಮಗನ ಮದುವೆಯ ಮಾತೋ?

ದೊಡ್ಡಪ್ಪ: ಮೀನಿನ ಮಾತು.

ಅಕ್ಕ: ಎದುರಿಗೇ ಕುಳಿತಿದ್ದೀರಿ, ಆದರೂ ಇಲ್ಲೇ ಕೇಳುತ್ತೇನೆ. ಇದು ಎಲ್ಲಿಂದ ಬಂತು?

ಸುರತ್ಕಲ್ ಭಾವ: ಬ್ಯಾಂಕಿನ ಗೆಳೆಯರ ಗುಂಪಿನಿಂದ. ಎಲ್ಲರೂ ಓದಿದವರು.

ಅಕ್ಕ: ಇದನ್ನೊಂದು ಓದಿಲ್ಲ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿ, ಕಲ್ಲಾಗಿ ಉಳಿಯುವುದು ಅಪರೂಪ. ಸಿಗುವುದು ಹಲ್ಲು, ಜೊತೆಗೆ ಕೆಲವು ಬೆನ್ನುಮೂಳೆಗಳು. 1843ರಲ್ಲಿ ವಿಜ್ಞಾನಿ ಲೂಯಿ ಅಗಾಸಿಜ್ ಮೆಗಲೊಡಾನನ್ನು ಬಿಳಿ ಶಾರ್ಕಿನ ಕಾರ್ಕರೊಡಾನ್ ಕುಲಕ್ಕೆ ಸೇರಿಸಿದರು. ಎರಡರ ಹಲ್ಲೂ ತ್ರಿಕೋನ, ಅಂಚೂ ಗರಗಸದಂತೆ. ಹತ್ತಿರದಿಂದ ನೋಡಿದರೆ ಮೆಗಲೊಡಾನ್ ಹಲ್ಲಿನ ಗರಗಸ ಬಹಳ ನಯ, ಬೇರಿನ ಮೇಲೆ ಕಪ್ಪು ಪಟ್ಟಿಯೊಂದಿದೆ. ಅದು ಒಟೊಡಸ್ ಎಂಬ ಬೇರೆ ಶಾರ್ಕ್ ಸಾಲಿನದು. ಬಿಳಿ ಶಾರ್ಕ್ ಬಂದದ್ದು ಮ್ಯಾಕೊ ಶಾರ್ಕನ್ನು ಹೋಲುವ ಬೇರೊಂದು ಶಾರ್ಕಿನಿಂದ. ನಡುವಿನ ಕೊಂಡಿ ಪೆರುವಿನಲ್ಲಿ ಸಿಕ್ಕಿ 2012ರಲ್ಲಿ ಹೆಸರು ಪಡೆಯಿತು. ಹಾಗಾಗಿ ಈಗ ಹೆಚ್ಚಿನವರು ಒಟೊಡಸ್ ಮೆಗಲೊಡಾನ್ ಎಂದೇ ಬರೆಯುತ್ತಾರೆ. ಗಣ ಒಂದೇ, ಕುಟುಂಬ ಬೇರೆ. ಇದರಲ್ಲಿ ಮೋಸ ಎಲ್ಲಿದೆ?

ಸುರತ್ಕಲ್ ಭಾವ: ಇಷ್ಟುದ್ದ ಯಾರು ಓದುತ್ತಾರೆ?

ಮುಂಬೈ ಅಣ್ಣ: ಶಾರ್ಕ್ ಎಂದರೆ ನಮ್ಮ ತಾಟೆಯೇ ಅಲ್ಲವೇ? ಮಳೆಗಾಲದ ಆಟಿ ತಿಂಗಳಲ್ಲಿ ದೋಣಿ ಇಳಿಯದ ದಿನಗಳಲ್ಲಿ ಅಜ್ಜಿ ಒಣ ತಾಟೆಯನ್ನು ಕೆಂಡದಲ್ಲಿ ಸುಟ್ಟು, ಕಲ್ಲಿನಲ್ಲಿ ಜಜ್ಜಿ, ತೆಂಗಿನೆಣ್ಣೆ ಬೆರೆಸಿ ಗಂಜಿಗೆ ಕೊಡುತ್ತಿದ್ದರು. ಚಾವಡಿಯ ಗೋಡೆಯಲ್ಲಿ ತಾಟೆಯ ದವಡೆಯೊಂದು ನೇತಾಡುತ್ತಿತ್ತಲ್ಲ, ಅದು ಈಗ ಎಲ್ಲಿದೆ?

(ಮನೆ ಪಾಲಾದ ಮೇಲೆ ಈ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಮುಂಬೈಯಲ್ಲಿ ಕುಳಿತವರಿಗೆ ಧೈರ್ಯ ಹೆಚ್ಚು.)

ದೊಡ್ಡಪ್ಪ: ಪಾಲಿನ ಪಟ್ಟಿಯಲ್ಲಿ ಅದು ಇರಲಿಲ್ಲ. ಯಾರ ಚೀಲದಲ್ಲಿ ಹೋಯಿತೆಂದು ಎಲ್ಲರಿಗೂ ಗೊತ್ತು.

ಚಿಕ್ಕಮ್ಮ: ಚೀಲದಲ್ಲಿ ಅಲ್ಲ ಭಾವ, ಹಾಡಹಗಲು ರಿಕ್ಷಾದಲ್ಲಿ. ಮಾವನೇ ಕೈಯಾರೆ ಕೊಟ್ಟದ್ದು. ಬಚ್ಚಲಿನ ತಾಮ್ರದ ಹಂಡೆ ಎಲ್ಲಿಗೆ ಹೋಯಿತೆಂದು ನಾನು ಕೇಳಿದ್ದೇನೆಯೇ?

ಅಕ್ಕ: ಒಂದು ನಿಮಿಷ. ಮೆಗಲೊಡಾನ್ ಇನ್ನೂ ಬದುಕಿದೆ ಎಂಬುದೂ ಸುಳ್ಳು. ಅಳಿದು ಸುಮಾರು 36 ಲಕ್ಷ ವರ್ಷವಾಯಿತು.

ದೊಡ್ಡಪ್ಪ: ನೀನು ಸುಮ್ಮನಿರು ಮಗಳೇ. ಹಂಡೆ ನನ್ನ ಅಮ್ಮನ ತವರಿನದು, ಅದಕ್ಕೆ ಪಾಲು ಬರುವುದಿಲ್ಲ.

ಸುರತ್ಕಲ್ ಭಾವ: ಹಂಡೆಯ ವಿಷಯಕ್ಕೆ ಮೂಲ ಕೇಳುವವರು ಯಾರೂ ಇಲ್ಲವೇ?

ಅಕ್ಕ: ಅಡುಗೆಮನೆಗೆ ಬನ್ನಿ, ಹೇಳುತ್ತೇನೆ.

ಮುಂಬೈ ಅಣ್ಣ: ಚಿಕ್ಕಮ್ಮ, ಆ ದವಡೆಯ ಒಂದು ಫೋಟೊ ಹಾಕಬಹುದೇ? ಮಕ್ಕಳಿಗೆ ತೋರಿಸಬೇಕು.

ಚಿಕ್ಕಮ್ಮ: ಮೊದಲು ಹಂಡೆಯ ಫೋಟೊ ಬರಲಿ.