ಆ ಹೆಂಗಸನ್ನು ಮನೆಗೆ ಕರೆಸಬೇಡಿ

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಬೆಳಿಗ್ಗೆ ಪೂಜೆ ಮುಗಿಸಿದ ಮೇಲೆ ಓದಿದೆ. ನಿಮ್ಮ ಮನೆಗೆಲಸದವಳ ಮಗಳನ್ನು, ಇನ್ನೂ ಹತ್ತನೆಯ ತರಗತಿಯ ಹುಡುಗಿಯನ್ನು, ಪಕ್ಕದ ಬೀದಿಯ ಹೆಂಗಸೊಬ್ಬಳು ಬ್ಯೂಟಿ ಪಾರ್ಲರ್ ಕೆಲಸ ಕಲಿಸುತ್ತೇನೆಂದು ಭಾನುವಾರಗಳಲ್ಲಿ ಕರೆದೊಯ್ದು ಯಾರ ಯಾರ ಬಳಿಯೋ ಬಿಡುತ್ತಿದ್ದಾಳೆ, ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾಳೆ ಎಂದು ಆ ಮಗು ನಿನ್ನ ಮುಂದೆ ಅತ್ತಿದೆ. ಈಗ ಏನು ಮಾಡಲಿ ದೊಡ್ಡಮ್ಮ ಎಂದು ನೀನು ಕೇಳಿದ್ದೀಯೆ. ಅದರ ಕೆಳಗೆ ಒಂಟಿಕೊಪ್ಪಲಿನ ಭಾವನವರು, ಆ ಹೆಂಗಸನ್ನು ಮನೆಗೇ ಕರೆಸಿ ನಾಲ್ಕು ಜನ ಹಿರಿಯರ ಎದುರಿಗೆ ಛೀಮಾರಿ ಹಾಕೋಣ ಎಂದು ಬರೆದಿದ್ದಾರೆ. ಭಾವನವರು ಬೇಸರಿಸಬಾರದು. ಅವರ ಮನಸ್ಸು ಎಂಥದೆಂಬುದು ನಮಗೆಲ್ಲ ಗೊತ್ತು. ಆದರೂ ಹೇಳುತ್ತೇನೆ, ಆ ಹೆಂಗಸನ್ನು ಯಾರೂ ಕರೆಸಬೇಡಿ, ಅವಳಿಗೆ ಫೋನು ಮಾಡಬೇಡಿ, ಸುಳಿವು ಕೂಡ ಕೊಡಬೇಡಿ.

ನಾನು ಶಾಲೆಯಲ್ಲಿ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾವು ಅಗ್ರಹಾರದ ಬಾಡಿಗೆ ಮನೆಯಲ್ಲಿದ್ದಾಗಿನ ಸಂಗತಿಯಿದು. ನಾನು ಪಾಠ ಮಾಡುತ್ತಿದ್ದ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯವಳು, ಓದಿಸುತ್ತೇನೆಂದು ದೂರದ ಸಂಬಂಧಿಯೊಬ್ಬಳು ಕರೆತಂದು ಇಟ್ಟುಕೊಂಡಿದ್ದಳು. ಸೋಮವಾರ ಬಂದರೆ ಆ ಮಗು ಕಡೆಯ ಬೆಂಚಿನಲ್ಲಿ ತಲೆಯಿಟ್ಟು ಮಲಗಿಬಿಡುತ್ತಿತ್ತು. ಎಬ್ಬಿಸಿದರೆ ಮೊದಲು ಎರಡೂ ಕೈಗಳನ್ನು ಲಂಗದ ಮಡಿಕೆಯೊಳಗೆ ಅಡಗಿಸುತ್ತಿದ್ದಳು, ಆಮೇಲೆ ಕಣ್ಣು ತೆರೆಯುತ್ತಿದ್ದಳು. ಒಂದು ದಿನ ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಾಯಿಬಿಟ್ಟಳು. ನಾನು ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಪೊಲೀಸರ ಬಳಿ ಹೋಗೋಣ ಎಂದೆ. ಶಾಲೆಯ ಮರ್ಯಾದೆ ಏನಾಗಬೇಕು, ಹೊಸಬರಾದ ನಿಮಗೆ ಇದೆಲ್ಲ ತಿಳಿಯದು ಎಂದು ಅವರು ಬಡಾವಣೆಯ ಇಬ್ಬರು ದೊಡ್ಡ ಮನುಷ್ಯರನ್ನು ಕೂರಿಸಿಕೊಂಡು, ಅದೇ ಸಂಜೆ ಆ ಸಂಬಂಧಿಯನ್ನು ಕರೆಸಿ, ಇನ್ನು ಮುಂದೆ ಹೀಗಾಗುವುದಿಲ್ಲ ಎಂದು ಒಂದು ಮುಚ್ಚಳಿಕೆ ಬರೆಸಿಕೊಂಡು, ಹುಡುಗಿಯನ್ನು ಅವಳ ಜೊತೆಯಲ್ಲಿಯೇ ಕಳುಹಿಸಿದರು. ನಾನು ಬೇಡವೆಂದು ಅಂಗಲಾಚಿದರೂ ಕೇಳಲಿಲ್ಲ. ಮಾರನೆಯ ದಿನ ಆ ಮನೆಗೆ ಬೀಗ ಬಿದ್ದಿತ್ತು. ರಾತ್ರಿಯೇ ಗಂಟುಮೂಟೆ ಕಟ್ಟಿಕೊಂಡು ಹೊರಟರಂತೆ, ಎಲ್ಲಿಗೆ ಎಂದು ಮನೆಯ ಮಾಲೀಕರಿಗೂ ಗೊತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನು ದಿನವೂ ಕೆಂಪು ಶಾಯಿಯಲ್ಲಿ ಗೈರು ಎಂದು ಗುರುತು ಹಾಕುತ್ತಿದ್ದೆ. ಕಡೆಗೆ ನಿಯಮದಂತೆ ಹೆಸರನ್ನೇ ಹೊಡೆದು ಹಾಕಿಸಿದರು. ಆ ಮಗು ಬದುಕಿದೆಯೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ತಿಳಿದಿಲ್ಲ.

ಆದುದರಿಂದ ಮತ್ತೊಮ್ಮೆ ಹೇಳುತ್ತಿದ್ದೇನೆ, ಆ ಹೆಂಗಸಿಗೆ ಸುಳಿವು ಸಿಗಬಾರದು. ಅಂಥವಳ ಹಿಂದೆ ಯಾವಾಗಲೂ ಇನ್ನೂ ನಾಲ್ಕು ಜನ ಇರುತ್ತಾರೆ. ನೀವು ಬೈದು ಮುಗಿಸುವಷ್ಟರಲ್ಲಿ ಅವರು ಹುಡುಗಿಯನ್ನು ಊರು ದಾಟಿಸಿರುತ್ತಾರೆ, ಇಲ್ಲವೇ ತಾಯಿಯ ಕೈಗೆ ದುಡ್ಡು ತುರುಕಿ ಬಾಯಿ ಮುಚ್ಚಿಸಿರುತ್ತಾರೆ.

ನನಗೆ ಹೆಚ್ಚು ಸಂಕಟವಾದದ್ದು ಗುಂಪಿನಲ್ಲಿ ಇನ್ನೊಬ್ಬರು ಬರೆದ ಮಾತಿನಿಂದ. ಇಂಥವನ್ನೆಲ್ಲ ಎತ್ತಿದರೆ ಮೈಸೂರಿನ ಹೆಸರು ಕೆಡುತ್ತದೆಯಂತೆ. ಇದೇ ಮಾತನ್ನು ನಮ್ಮ ಬಡಾವಣೆಯಲ್ಲಿಯೂ ಕೇಳಿದ್ದೇನೆ. ಇಂಥವರ ಕೈಯಿಂದ ಪಾರಾಗಿ ಬಂದ ಹೆಣ್ಣುಮಕ್ಕಳಿಗೆಂದು ಒಂದು ಮನೆಯನ್ನು ಬಾಡಿಗೆಗೆ ಕೇಳಿದಾಗ, ಸಂಸಾರಸ್ಥರು ಇರುವ ಜಾಗ ಎಂದು ಅರ್ಜಿ ಬರೆದು ಮನೆಮನೆಗೆ ಸಹಿಗಾಗಿ ತಂದರು. ನಿಮ್ಮ ದೊಡ್ಡಪ್ಪನೂ ನಾನೂ ಸಹಿ ಹಾಕಲಿಲ್ಲ. ಅಂದಿನಿಂದ ಎದುರು ಮನೆಯವರು ನಮ್ಮನ್ನು ಅರಿಸಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟಿದ್ದಾರೆ. ಮೈಸೂರನ್ನು ನಾನು ಅವರಿಗಿಂತ ಕಡಿಮೆ ಪ್ರೀತಿಸುತ್ತೇನೆಯೆ? ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತರೆ ಈಗಲೂ ನನಗೆ ಮನೆಗೆ ಹೊರಡಲು ಮನಸ್ಸಾಗುವುದಿಲ್ಲ. 1881ರಲ್ಲಿಯೇ ಹೆಣ್ಣುಮಕ್ಕಳಿಗೆ ಶಾಲೆ ತೆರೆದು ಅದನ್ನು ಮಹಾರಾಣಿ ಕಾಲೇಜಿನವರೆಗೆ ಬೆಳೆಸಿದ ಊರು ಇದು. 1894ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಕಾನೂನು ಮಾಡಿ ತಡೆದದ್ದು ನಮ್ಮ ಮೈಸೂರು ಸಂಸ್ಥಾನ. 1909ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆಯನ್ನು ನಿಲ್ಲಿಸಿದರು. ಇಡೀ ಕರ್ನಾಟಕಕ್ಕೆ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಪತ್ರಕರ್ತರಾಗಿದ್ದ ಸ್ಟ್ಯಾನ್ಲಿ ಮತ್ತು ಪರಶುರಾಮ್ ಅವರು ಒಡನಾಡಿ ಸೇವಾ ಸಂಸ್ಥೆಯನ್ನು ಕಟ್ಟಿ, ಮಾರಾಟಕ್ಕೆ ಸಿಕ್ಕಿದ ಮಕ್ಕಳನ್ನು ಬಿಡಿಸಿ ತಂದು ಸಾಕುತ್ತಿರುವುದೂ ಇದೇ ಊರಿನಲ್ಲಿ. ಊರಿನ ಹೆಸರು ಉಳಿದಿರುವುದು ಇಂಥವರಿಂದ. ದಸರಾ ದೀಪ ನೋಡಲು ಬಂದವರ ಮುಂದೆ ಈ ಮಕ್ಕಳ ವಿಷಯ ಮುಚ್ಚಿಟ್ಟರೆ ಅದರಿಂದ ಲಾಭವಾಗುವುದು ಅವರನ್ನು ಮಾರುವವರಿಗೆ ಮಾತ್ರ.

ಸರಿ, ಈಗ ನೀನು ಮಾಡಬೇಕಾದದ್ದನ್ನು ಕೇಳಿಸಿಕೋ ಪುಟ್ಟಿ. ಮೊದಲು ಗುಂಪಿನಲ್ಲಿ ನೀನು ಬರೆದಿರುವ ಆ ಹುಡುಗಿಯ ಹೆಸರು, ಶಾಲೆ, ಬೀದಿ ಎಲ್ಲವನ್ನೂ ಅಳಿಸು. ಯಾರೂ ಅದನ್ನು ಮುಂದಕ್ಕೆ ಕಳುಹಿಸಬಾರದು. ಅವಳ ಗುರುತು ಬಯಲು ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಆಮೇಲೆ 1098ಕ್ಕೆ ಕರೆ ಮಾಡು. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಹಣ ಬೇಕಿಲ್ಲ. ಇವತ್ತೇ ಅವಳನ್ನು ಕರೆದೊಯ್ಯಲು ಯಾರಾದರೂ ಬಂದರೆ ತಡಮಾಡದೆ ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಮಾಡು. ಹದಿನೆಂಟು ತುಂಬದವಳಾದ್ದರಿಂದ ಇದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಗೆ ಸೇರುತ್ತದೆ. ಅವಳೇ ಒಪ್ಪಿ ಹೋದಳು ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ವಿಷಯ ಗೊತ್ತಿದ್ದೂ ತಿಳಿಸದೆ ಇರುವುದು ಕೂಡ ಅದೇ ಕಾಯ್ದೆಯಲ್ಲಿ ಶಿಕ್ಷೆಗೆ ಗುರಿ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದರಿಂದ ಯಾವ ತೊಂದರೆಯೂ ಬಾರದು ಎಂದೂ ಅದರಲ್ಲಿಯೇ ಇದೆ, ಆದ್ದರಿಂದ ನಿನ್ನ ಯಜಮಾನರು ಹೆದರಬೇಕಾಗಿಲ್ಲ.

ಹುಡುಗಿ ಠಾಣೆಗೆ ಹೋಗಬೇಕೆಂದೇನಿಲ್ಲ. ಅವಳ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ ಹೇಳಿಕೆ ಪಡೆಯಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಬರಬಾರದು, ರಾತ್ರಿ ಹೊತ್ತು ಠಾಣೆಯಲ್ಲಿ ಇರಿಸಿಕೊಳ್ಳಬಾರದು. ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು, ಆಗ ತಾಯಿ ಜೊತೆಗಿರಬಹುದು. ಮನೆಯಲ್ಲಿ ಇರುವುದು ಕ್ಷೇಮವಲ್ಲ ಎನಿಸಿದರೆ ಮಕ್ಕಳ ಕಲ್ಯಾಣ ಸಮಿತಿಯವರು ಬೇರೆ ಕಡೆ ಇರುವ ವ್ಯವಸ್ಥೆ ಮಾಡುತ್ತಾರೆ. ಅವಳ ಫೋನಿನಲ್ಲಿರುವ ಸಂದೇಶಗಳನ್ನು ಯಾರೂ ಅಳಿಸಬೇಡಿ, ಅವು ಸಾಕ್ಷಿ. ಪದೇ ಪದೇ ಏನಾಯಿತು ಎಂದು ಕೆದಕಬೇಡಿ. ತಾಯಿ ಆ ಹೆಂಗಸಿನ ಬಳಿ ಕೈಸಾಲ ಮಾಡಿರಬಹುದು, ಅದಕ್ಕೇ ಹಿಂಜರಿಯುತ್ತಿರಬಹುದು. ಹಾಗಿದ್ದರೆ ಅದನ್ನೂ ಪೊಲೀಸರಿಗೆ ಹೇಳಲಿ.

ನಾನು ತಿಂಡಿ ಮುಗಿಸಿ ಆಟೊ ಹಿಡಿದು ನಿಮ್ಮ ಮನೆಗೆ ಬರುತ್ತೇನೆ, ತಾಯಿಯ ಜೊತೆ ನಾನು ಮಾತನಾಡುತ್ತೇನೆ. ಹುಡುಗಿಯನ್ನು ಅಲ್ಲಿಯವರೆಗೆ ನಿಮ್ಮಲ್ಲಿಯೇ ಇರಿಸಿಕೋ, ಹೊರಗೆ ಒಬ್ಬಳನ್ನೇ ಕಳುಹಿಸಬೇಡ. ನನಗಾಗಿ ಕಾಯದೆ 1098ಕ್ಕೆ ಈಗಲೇ ಕರೆ ಮಾಡು.